ಘಟ್ಟದ ಇಳಿಜಾರಿನಲ್ಲಿ ದ್ರಾಕ್ಷಿಯ ಕನಸು

ನಮ್ಮ ಅಲಂಕಾರಶಾಸ್ತ್ರದಲ್ಲಿ ಕಾವ್ಯಪಾಕಗಳನ್ನು ಹಣ್ಣುಗಳ ಹೆಸರಿನಿಂದ ಗುರುತಿಸುವ ರೂಢಿಯಿದೆ. ಒಡೆದು, ಸುಲಿದು, ಬಹಳ ಶ್ರಮಪಟ್ಟ ಮೇಲೆ ಸವಿಯಬೇಕಾದದ್ದು ನಾರಿಕೇಳಪಾಕ; ಸಿಪ್ಪೆ ತೆಗೆಯುವಷ್ಟು ಮಾತ್ರ ಕೆಲಸ ಕೊಡುವುದು ಕದಳೀಪಾಕ; ಬಾಯಿಗಿಟ್ಟ ಕೂಡಲೇ ರಸವಾಗುವುದು ದ್ರಾಕ್ಷಾಪಾಕ. ಈ ಹೆಸರುಗಳನ್ನಿಟ್ಟ ವಿದ್ವಾಂಸರು ದ್ರಾಕ್ಷಿಯನ್ನು ತಿಂದವರೇ ಹೊರತು ಬೆಳೆದವರಲ್ಲವೆಂಬ ಅನುಮಾನ ಕಳೆದ ಚಳಿಗಾಲದಲ್ಲಿ ನಮಗೆ ಬಲವಾಗಿ ಬಂದಿತು.

ಅನುಮಾನಕ್ಕೆ ಕಾರಣವಾದದ್ದು ನಮ್ಮ ಬಳಗದ ಮಿತ್ರರೊಬ್ಬರ ಮೊಬೈಲಿಗೆ ಬಂದ ಒಂದು ಜಾಹೀರಾತು. ಕಲ್ಯಾಣದಿಂದ ಮುರ್ಬಾಡ್ ದಾಟಿ ಮಾಳ್ಶೇಜ್ ಘಾಟಿನ ಕಡೆಗೆ ಹೋಗುವ ರಸ್ತೆಯ ಒಳಭಾಗದಲ್ಲಿ, ಬೆಟ್ಟದ ಮೈಮೇಲೆ, ಅರ್ಧ ಎಕರೆಯ ತುಂಡುಗಳು ಮಾರಾಟಕ್ಕಿವೆ. ಪ್ರತಿ ತುಂಡಿನಲ್ಲಿಯೂ ಒಂದು ಪುಟ್ಟ ದ್ರಾಕ್ಷಿತೋಟವನ್ನು ಮಾಡಿಕೊಡಲಾಗುವುದು. ವಾರಾಂತ್ಯಕ್ಕೆ ಬಂದು ಹಣ್ಣು ಕೀಳಬಹುದು. ಜೊತೆಗಿದ್ದ ಚಿತ್ರದಲ್ಲಿ ನದಿಯೊಂದರ ಮೇಲೆ ಗೋಡೆಯಂತೆ ಎದ್ದ ಬೆಟ್ಟ, ಅದರ ತುಂಬ ಬಾಚಿದ ಕೂದಲಿನಂತೆ ಸಾಲುಸಾಲಾಗಿ ಇಳಿದ ಬಳ್ಳಿಗಳು. ನದಿ ಉಲ್ಲಾಸವೂ ಅಲ್ಲ, ಕಾಳುವೂ ಅಲ್ಲ ಎಂಬುದನ್ನು ತಿಳಿಯಲು ಭೂಗೋಳದ ಪಂಡಿತರಾಗಬೇಕಿರಲಿಲ್ಲ. ಆದರೂ ನಾವು ಹೋದೆವು. ಐವತ್ತು ಸಮೀಪಿಸುತ್ತಿರುವ ನಾಲ್ವರು ನೌಕರಿಯವರು, ಡೊಂಬಿವಲಿ ಕಲ್ಯಾಣಗಳ ಮೂರನೆಯ ನಾಲ್ಕನೆಯ ಮಹಡಿಗಳಲ್ಲಿ ಬಾಳಿದವರು, ಮಣ್ಣು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ವಿವೇಕವನ್ನು ಮನೆಯಲ್ಲಿಟ್ಟು ಹೊರಡುತ್ತೇವೆ. ಇಂಗ್ಲಿಷ್ ಎಂ.ಎ. ಮಾಡಿದ ನಮಗಂತೂ ಕೀಟ್ಸನ ದ್ರಾಕ್ಷಾರಸ ತಲೆಗೇರಿ ಇಪ್ಪತ್ತು ವರ್ಷಗಳಾಗಿದ್ದರೂ ಇಳಿದಿರಲಿಲ್ಲ.

ಡಿಸೆಂಬರಿನ ಆ ಬೆಳಗ್ಗೆ ಜಾಗ ಅತ್ಯಂತ ಸುಂದರವಾಗಿತ್ತು. ಅದನ್ನು ಒಪ್ಪಿಕೊಳ್ಳದಿದ್ದರೆ ಸುಳ್ಳಾಗುತ್ತದೆ. ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು. ಮೇಲೆ ಸಹ್ಯಾದ್ರಿಯ ಕರಿಯ ಗೋಡೆ. ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ದಲ್ಲಾಳಿ ಗಡಿ ತೋರಿಸಲು ಕೈಯೆತ್ತಿದಾಗ ಇನ್ನೊಂದು ಕೈಯಿಂದ ಪೊದೆಯನ್ನು ಹಿಡಿದುಕೊಂಡಿದ್ದ. ಜೆಸಿಬಿ ತಂದು ಎರಡೇ ವಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದುಕೊಡುತ್ತೇವೆ, ದ್ರಾಕ್ಷಿಗೆ ಇಳಿಜಾರೇ ಶ್ರೇಷ್ಠ, ಯೂರೋಪಿನಲ್ಲೆಲ್ಲ ಹೀಗೆಯೇ ಎಂದ. ಕೆಳಗೆ ಠಾಕರ್ ಜನರ ಒಂದು ವಾಡಿ, ಹನ್ನೆರಡು ಹದಿನೈದು ಮನೆಗಳು. ಇಳಿದು ಬರುವಾಗ ಅಲ್ಲಿ ನಾಚಣಿ ಬಡಿಯುತ್ತಿದ್ದ ಮುದುಕಿಯೊಬ್ಬಳು ಮರಾಠಿಯಲ್ಲಿ ಕೇಳಿದಳು: "ಮೇಲೆ ಯಂತ್ರ ತರುತ್ತೀರಾ?" ಇನ್ನೂ ಏನೂ ನಿಶ್ಚಯವಾಗಿಲ್ಲವೆಂದೆವು. ಅವಳು ಮತ್ತೆ ಬಡಿಯತೊಡಗಿದಳು.

ಇಳಿಜಾರೇ ಶ್ರೇಷ್ಠ ಎಂಬ ದಲ್ಲಾಳಿಯ ಮಾತು ಸುಳ್ಳಲ್ಲ. ಅದು ಬೇರೆಡೆಯ ಸತ್ಯ. ಜರ್ಮನಿಯ ಮೊಸೆಲ್ ನದಿಯ ದಂಡೆಯಲ್ಲಿ ಬ್ರೆಮ್ ಎಂಬ ಹಳ್ಳಿಯ ಮೇಲಿರುವ ಕಾಲ್‌ಮೊಂಟ್ ತೋಟ ಸುಮಾರು 65 ಡಿಗ್ರಿಯಷ್ಟು ಕಡಿದಾಗಿದೆಯೆಂದು ಪ್ರಸಿದ್ಧ. ಅಲ್ಲಿಯ ರೈತ ಅಷ್ಟು ಎತ್ತರ ಹತ್ತಿದ್ದು ಸೌಂದರ್ಯಕ್ಕಾಗಿ ಅಲ್ಲ, ಬಿಸಿಲಿಗಾಗಿ. ಮೊಸೆಲ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಣ್ಣು ಮಾಗುವ ಸೆಪ್ಟೆಂಬರಿನ ಕೊನೆಗೆ ಅಲ್ಲಿಯ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ ಸುಮಾರು 40 ಡಿಗ್ರಿಯಷ್ಟೇ ಏರುತ್ತಾನೆ. ಓರೆಯಾಗಿ ಬೀಳುವ ಆ ಬಡ ಬಿಸಿಲನ್ನು ನೇರವಾಗಿ ಎದೆಗೆ ತೆಗೆದುಕೊಳ್ಳಲು ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರು ಬೇಕು. ಅಲ್ಲಿಯ ಸ್ಲೇಟು ಕಲ್ಲು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಚಳಿಗಾಳಿ ಬಳ್ಳಿಯ ಬುಡದಲ್ಲಿ ನಿಲ್ಲದೆ ಕೆಳಗೆ ಜಾರಿಹೋಗುತ್ತದೆ. ನಮ್ಮ ಕಲ್ಯಾಣ 19 ಡಿಗ್ರಿಯಲ್ಲಿದೆ. ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ನಮ್ಮ ಹಣ್ಣು ಮಾಗುವ ಜನವರಿಯಿಂದ ಮಾರ್ಚಿನವರೆಗೂ ಅವನು ನಡುಮಧ್ಯಾಹ್ನ 50ರಿಂದ 70 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಬಿಸಿಲಿಗೆ ಬೆಟ್ಟ ಹತ್ತಬೇಕಾದ ದಾರಿದ್ರ್ಯ ನಮಗಿಲ್ಲ.

ಅಲ್ಲಿಯ ಮೆಟ್ಟಿಲುಗಳೂ ಎರಡು ವಾರದಲ್ಲಿ ಆದವುಗಳಲ್ಲ. ಸ್ವಿಟ್ಜರ್ಲೆಂಡಿನ ಲಾವೋ ಎಂಬಲ್ಲಿ, ಜಿನೀವಾ ಸರೋವರದ ಮೇಲಿನ ದ್ರಾಕ್ಷಿ ಮೆಟ್ಟಿಲುಗಳನ್ನು ಯುನೆಸ್ಕೊ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮೆಟ್ಟಿಲುಗಳ ಇತಿಹಾಸ 11ನೆಯ ಶತಮಾನದ ಸನ್ಯಾಸಿಮಠಗಳವರೆಗೆ ಹೋಗುತ್ತದೆ. ಕಲ್ಲಿನ ಮೇಲೆ ಕಲ್ಲಿಟ್ಟು, ಮಳೆಗೆ ಕೊಚ್ಚಿಹೋದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲೆ ಹಾಕಿ, ತಲೆಮಾರುಗಳು ಸವೆದ ಮೇಲೆ ಆ ಚಿತ್ರ ಆದದ್ದು. ಮೊಬೈಲಿನಲ್ಲಿ ಕಾಣುವುದು ಬಳ್ಳಿ, ಗೋಡೆ ಕಾಣುವುದಿಲ್ಲ.

ಇನ್ನು ನಮ್ಮ ಘಟ್ಟದ ವಿಷಯ. ನಾಸಿಕಕ್ಕೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರಿಗೆಲ್ಲ ಈ ಪಾಠ ಉಚಿತವಾಗಿ ದೊರೆಯುತ್ತದೆ. ಕಸಾರಾದಲ್ಲಿ ಗಾಡಿ ನಿಲ್ಲುತ್ತದೆ, ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನುಗಳು ಬಂದು ಕೂಡಿಕೊಳ್ಳುತ್ತವೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಥಳ್ ಘಾಟಿನ ಈ ಹಾದಿ 1865ರಲ್ಲಿ ತೆರೆಯಿತು. ಮೇಲೆ ಸಿಗುವ ಇಗತ್‌ಪುರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಸುಮಾರು 50 ಕಿಲೊಮೀಟರು ದೂರದ ನಾಸಿಕದಲ್ಲಿ ಅದು 700ರ ಆಸುಪಾಸಿಗೆ ಇಳಿಯುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ ನಾವು ಕಪ್ಪೆಗಳ ದೇಶದಿಂದ ದ್ರಾಕ್ಷಿಯ ದೇಶಕ್ಕೆ ಬಂದಿರುತ್ತೇವೆ. ಮಾಳ್ಶೇಜ್ ಹತ್ತಿ ಜುನ್ನರದ ಕಡೆಗೆ ಇಳಿದರೂ ಇದೇ ಕಥೆ. ಶ್ಯಾಮರಾವ್ ಚೌಗುಲೆಯವರು 1980ರ ದಶಕದಲ್ಲಿ ಫ್ರೆಂಚ್ ತಂತ್ರಜ್ಞರ ನೆರವು ಪಡೆದು ನೊರೆಯುಕ್ಕುವ ವೈನನ್ನು ತಯಾರಿಸಲು ಆರಿಸಿಕೊಂಡದ್ದು ಘಟ್ಟದಾಚೆಯ ನಾರಾಯಣಗಾಂವವನ್ನು. ರಾಜೀವ್ ಸಾಮಂತರ ಸುಲಾ ಬೆಳೆದದ್ದು ನಾಸಿಕದ ಗಂಗಾಪುರದ ಬಳಿ. ಘಟ್ಟದ ಬೆನ್ನಿನ ಹಿಂದೆ ಅವರೆಲ್ಲ ಹೋದದ್ದಕ್ಕೆ ಕಾರಣವಿತ್ತು. ಮೊಸೆಲ್ ಕಣಿವೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಈ ಘಟ್ಟದ ಮುಖದ ಮೇಲೆ ಒಂದು ಜುಲೈಯಲ್ಲಿ ಸುರಿಯುತ್ತದೆ.

ಜನವರಿಯಲ್ಲಿ ನಾವು ವಿಜಾಪುರಕ್ಕೆ ಹೋದೆವು. ನಾಲ್ವರಲ್ಲಿ ಒಬ್ಬರ ಕಾಕಾ ತಿಕೋಟಾದ ಹತ್ತಿರ ಎರಡೂವರೆ ಎಕರೆ ದ್ರಾಕ್ಷಿ ಪಡ ಮಾಡಿದ್ದಾರೆ. ಮಹಾರಾಷ್ಟ್ರದ ಜತ್ ತಾಲೂಕು ಅಲ್ಲಿಂದ ದೂರವಿಲ್ಲ. ಗಡಿಯ ಎರಡೂ ಕಡೆ ಒಂದೇ ಮಾತು, ಒಂದೇ ಬಳ್ಳಿ, ಒಣದ್ರಾಕ್ಷಿ ಮಾರಲು ತಾಸಗಾಂವದ ಅದೇ ಪೇಟೆ. ಕಾಕಾ ಅವರ ಭೂಮಿ ಗರಸು ಮಣ್ಣಿನ ಮಡ್ಡಿ. ಜೋಳವೂ ಮನಸ್ಸಿಲ್ಲದೆ ಬೆಳೆಯುತ್ತಿದ್ದ ಜಾಗ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ, ಅದೂ ಬಂದರೆ. ಬರಗಾಲದಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಹನಿ ಹನಿಯಾಗಿ ಬಳ್ಳಿಯನ್ನು ಉಳಿಸಿಕೊಂಡವರು ಅವರು. ಮೊಬೈಲಿನ ಚಿತ್ರವನ್ನು ತೋರಿಸಿ ನಮ್ಮ ಬೆಟ್ಟದ ವಿವರ ಹೇಳಿದೆವು. ಬಹಳ ಹೊತ್ತು ನೋಡಿದರು.

"ಚಂದ ಐತಿ ತಮ್ಮಾ," ಅಂದರು. "ಆದ್ರ ಬಳ್ಳಿಗೆ ನೀರು ಕಾಲಿಗೆ ಬೇಕು, ತಲಿಗೆ ಬ್ಯಾಡ. ನಿಮ್ಮಲ್ಲಿ ನಾಕು ತಿಂಗಳು ತಲಿ ಮ್ಯಾಲ ನೀರು. ಎಲಿ ಎಲ್ಲಿ ಉಳಿತೈತಿ?"

ಮಳೆಗಾಲದಲ್ಲಿ ಹಣ್ಣೇ ಇರುವುದಿಲ್ಲವಲ್ಲ, ಎಲೆ ಹೋದರೆ ಹೋಗಲಿ ಎಂದು ನಮ್ಮ ಮಿತ್ರರು ವಾದಿಸಿದರು. ಕಾಕಾ ಅವರನ್ನು ಸಾಲಿನೊಳಕ್ಕೆ ಕರೆದುಕೊಂಡು ಹೋಗಿ ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಶೀತದೇಶದ ಬಳ್ಳಿ ಚಳಿಗಾಲದಲ್ಲಿ ತಾನಾಗಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಕತ್ತರಿಯಿಂದ ಮಲಗಿಸಿ ಕತ್ತರಿಯಿಂದಲೇ ಎಬ್ಬಿಸಬೇಕು. ಅದಕ್ಕಾಗಿ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯಿಂದ ಕಡ್ಡಿ ತಯಾರಾಗುತ್ತದೆ, ಅಕ್ಟೋಬರ್ ಚಾಟ್ನಿಯಿಂದ ಹಣ್ಣು. ಏಪ್ರಿಲಿನಲ್ಲಿ ಕತ್ತರಿಸಿದ 40ರಿಂದ 60 ದಿನಗಳೊಳಗೆ ಮುಂದಿನ ಗೊನೆ ಕಣ್ಣಿಗೆ ಕಾಣದಂತೆ ಮೊಗ್ಗಿನ ಒಳಗೇ ಮೂಡುತ್ತದೆ, ಆಗ ಬಿಸಿಲು ಬೇಕು. ಆಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ಕಡ್ಡಿ ಗಟ್ಟಿಯಾಗಬೇಕು, ಅದಕ್ಕೆ ಎಲೆ ಬೇಕು. ಎಲೆಯನ್ನು ಡೌನಿ ರೋಗ ತಿಂದರೆ ಅಕ್ಟೋಬರಿನಲ್ಲಿ ಚಿಗುರು ಬಂದೀತು, ಗೊನೆ ಬಾರದು. ಔಷಧಿ ಹೊಡೆಯುತ್ತಲೇ ಇರಬೇಕು. ಕಾಕಾ ಅವರಿಗೆ ಟ್ರ್ಯಾಕ್ಟರಿನ ಹಿಂದೆ ಬ್ಲೋವರ್ ಇದೆ. ಕಡಿದಾದ ಬೆಟ್ಟದಲ್ಲಿ ಟ್ರ್ಯಾಕ್ಟರ್ ಮಗುಚುತ್ತದೆ. ಬೆನ್ನಿಗೆ ಪಂಪು ಹೊತ್ತು, ಜಾರುವ ಮಣ್ಣಿನಲ್ಲಿ, ಮಳೆ ಬಿಟ್ಟ ಎರಡು ಗಂಟೆಯಲ್ಲಿ ಹೊಡೆಯಬೇಕು, ಮೂರನೆಯ ಗಂಟೆಗೆ ಬರುವ ಮಳೆ ಅದನ್ನು ತೊಳೆದು ಕೆಳಗಿನ ವಾಡಿಯ ಹಳ್ಳಕ್ಕೆ ಒಯ್ಯುತ್ತದೆ.

ಈ ಡೌನಿಯ ಮದ್ದಿನ ಕಥೆ ನಮ್ಮ ಓದುಗರಲ್ಲಿ ಕರಾವಳಿ ಮಲೆನಾಡಿನವರಿಗೆ ಪ್ರಿಯವಾದೀತು. ಮೈಲುತುತ್ತ ಸುಣ್ಣಗಳ ಬೋರ್ಡೋ ಮಿಶ್ರಣ ಮೊದಲು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ, ಇದೇ ರೋಗಕ್ಕಾಗಿ. ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ ಅದೇ ಮಿಶ್ರಣವನ್ನು ನಮ್ಮ ತೋಟಗಳಿಗೆ ತಂದರು. ಆಗುಂಬೆಯ ಮಳೆಯಲ್ಲಿ ಅಡಿಕೆಗೆ ಬೋರ್ಡೋ ಹೊಡೆಸಿದ ಮನೆಯವರಿಗೆ ಮಳೆನಾಡಿನಲ್ಲಿ ಬೂಜಿನೊಡನೆ ಹೋರಾಡುವುದೆಂದರೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. ಅಡಿಕೆಯಾದರೋ ಮಳೆಗೆ ಹುಟ್ಟಿದ ಮರ. ದ್ರಾಕ್ಷಿ ಹಾಗಲ್ಲ.

ಸಸಿ ನೆಟ್ಟ ಮರುವರ್ಷವೇ ಹಣ್ಣು ಎಂಬ ದಲ್ಲಾಳಿಯ ಲೆಕ್ಕವೂ ಕಾಕಾ ಅವರ ಮುಂದೆ ನಿಲ್ಲಲಿಲ್ಲ. ಮೊದಲು ಡಾಗ್‌ರಿಜ್ ಎಂಬ ಕಾಡುದ್ರಾಕ್ಷಿಯ ಬೇರು ನೆಡಬೇಕು, ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಥಾಮ್ಸನ್ನೋ ಸೋನಾಕಾವೋ ಕಸಿ ಕಟ್ಟಬೇಕು, ಮುಂದಿನ ವರ್ಷ ಚಪ್ಪರದ ಮೇಲೆ ಕೈಕಾಲು ಹರಡಿಸಬೇಕು, ಆ ಅಕ್ಟೋಬರಿನ ಚಾಟ್ನಿಗೆ ಮೊದಲ ಹಣ್ಣು. ಎರಡು ವರ್ಷ ಖರ್ಚು ಮಾತ್ರ. ಸಾಲಿನ ನಡುವೆ ಒಂಬತ್ತು ಅಡಿ, ಬಳ್ಳಿಯ ನಡುವೆ ಐದು ಅಡಿ ಬಿಟ್ಟರೆ ಎಕರೆಗೆ ಸುಮಾರು 970 ಬಳ್ಳಿ. ಅರ್ಧ ಎಕರೆಯೆಂದರೂ ಐನೂರಕ್ಕೆ ಸಮೀಪ, ಒಂದೊಂದರ ಬಳಿಯೂ ವರ್ಷದಲ್ಲಿ ಹತ್ತಾರು ಸಲ ಮನುಷ್ಯ ನಿಲ್ಲಬೇಕು. ಶನಿವಾರ ಭಾನುವಾರ ಬರುವವರಿಗಾಗಿ ಬಳ್ಳಿ ಕಾಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ 2014ರ ಫೆಬ್ರುವರಿ ಮಾರ್ಚಿನಲ್ಲಿ ಬಿದ್ದಂಥ ಆಲಿಕಲ್ಲು ಬಿದ್ದರೆ ಒಂದು ಸಂಜೆಗೆ ಎಲ್ಲ ಮುಗಿಯಿತು. ಆ ವರ್ಷದ ಮಾತು ತೆಗೆದಾಗ ಕಾಕಾ ಚಪ್ಪರದ ತಂತಿಯನ್ನು ಹಿಡಿದು ನಿಂತುಬಿಟ್ಟರು.

ಇಷ್ಟೇ ಆಗಿದ್ದರೆ ಇದು ನಮ್ಮ ಹಣದ ಪ್ರಶ್ನೆ. ಉಳ್ಳವರು ಕಳೆದುಕೊಳ್ಳಲಿ ಬಿಡಿ ಎನ್ನಬಹುದಿತ್ತು. ನಮ್ಮ ಆಕ್ಷೇಪ ಇರುವುದು ಬೇರೆಡೆ, ಆ ಜೆಸಿಬಿಯ ಮೇಲೆ. ಘಟ್ಟದ ಈ ಇಳಿಜಾರು ಒಳಗೆ ಕಪ್ಪು ಬಸಾಲ್ಟ್ ಶಿಲೆ, ಮೇಲೆ ಸವೆದು ಸಡಿಲಾದ ಮುರುಮು ಮತ್ತು ಮಣ್ಣಿನ ಹೊದಿಕೆ. ಹುಲ್ಲೂ ಮರದ ಬೇರೂ ಆ ಹೊದಿಕೆಯನ್ನು ಬಂಡೆಗೆ ಹೊಲಿದಂತೆ ಹಿಡಿದಿರುತ್ತವೆ. ಮೆಟ್ಟಿಲಿಗಾಗಿ ಅದನ್ನು ಅಡ್ಡಕ್ಕೆ ಕಡಿದಾಗ ಮೇಲಿನ ಮಣ್ಣಿಗೆ ಕಾಲು ಇಲ್ಲದಂತಾಗುತ್ತದೆ. ಸಮತಲವಾದ ಜಾಗದಲ್ಲಿ ನಿಂತ ನೀರು ಹರಿದುಹೋಗುವ ಬದಲು ಒಳಗೆ ಇಳಿಯುತ್ತದೆ. ಒಳಗಿಳಿದ ನೀರಿನಿಂದ ಮಣ್ಣು ಭಾರವೂ ಆಗುತ್ತದೆ, ಜಾರುವಂತೆಯೂ ಆಗುತ್ತದೆ. 2014ರ ಜುಲೈ 30ರ ಬೆಳಗ್ಗೆ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲೂಕಿನ ಮಾಳೀಣ ಎಂಬ ಊರು ಬೆಟ್ಟದಡಿ ಸಿಕ್ಕಿ 150ಕ್ಕೂ ಹೆಚ್ಚು ಜನ ಸತ್ತರು. ಕಾರಣ ಅತಿವೃಷ್ಟಿ. ಆದರೆ ಬೇಸಾಯಕ್ಕೆಂದು ಯಂತ್ರಗಳಿಂದ ಇಳಿಜಾರನ್ನು ಸಮಗೊಳಿಸಿದ್ದರ ಪಾಲು ಎಷ್ಟೆಂಬ ಪ್ರಶ್ನೆ ಆಗಲೇ ಎದ್ದಿತು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ ಹಾಗೆಯೇ ಹೋಯಿತು. ಅಲ್ಲಿ ಯಾರೂ ದ್ರಾಕ್ಷಿಗೆಂದು ಬೆಟ್ಟ ಕಡಿದಿರಲಿಲ್ಲ, ಆದರೂ ಹೋಯಿತು. ಕಡಿಯದ ಬೆಟ್ಟವೇ ಹೀಗೆ ಇಳಿದೀತಾದರೆ ಕಡಿದ ಬೆಟ್ಟದ ಕೆಳಗೆ ಮಲಗುವವರಿಗೆ ನಾವು ಯಾವ ಭರವಸೆ ಕೊಡಬಲ್ಲೆವು? 2005ರ ಜುಲೈ 26ರಂದು ಉಲ್ಲಾಸ ನದಿಯ ನೀರು ಮನೆಯೊಳಗೆ ಬಂದದ್ದನ್ನು ಕಲ್ಯಾಣ ಬದ್ಲಾಪುರದವರು ಇಂದಿಗೂ ಹೇಳುತ್ತಾರೆ. ಆ ರಾತ್ರಿ ನಮಗೆ ಹತ್ತಲು ಮೇಲಿನ ಮಹಡಿಯಿತ್ತು. ವಾಡಿಯವರಿಗೆ ಮೇಲಿರುವುದು ಆ ಇಳಿಜಾರೇ.

ಅಲ್ಲಿಯವರು ಇಳಿಜಾರನ್ನು ಬಳಸಿಲ್ಲವೆಂದಲ್ಲ. ನಾಚಣಿ, ವರಿ ಬೆಳೆಯುತ್ತಾರೆ. ಸೊಪ್ಪುಸದೆ ಸುಟ್ಟು ರಾಬ್ ಮಾಡಿ ಸಸಿ ಎಬ್ಬಿಸುತ್ತಾರೆ, ಮಳೆ ಹಿಡಿದ ಮೇಲೆ ಕಿತ್ತು ನೆಡುತ್ತಾರೆ. ಮಳೆಯ ಜೊತೆಗೇ ಬೆಳೆದು ಮಳೆಯ ಜೊತೆಗೇ ಮುಗಿಯುವ ಬೆಳೆಗಳವು. ಉಪವಾಸದ ದಿನ ನಮ್ಮ ಮನೆಗಳಿಗೆ ಬರುವ ವರಿಯ ಅಕ್ಕಿಯ ಹಿಂದೆ ಇಂಥ ಇಳಿಜಾರುಗಳಿವೆ. ಈ ಜ್ಞಾನವನ್ನು ಅಳಿಸಿ ಅದರ ಮೇಲೆ ಮೊಸೆಲ್ ನದಿಯ ಚಿತ್ರ ಅಂಟಿಸುವುದು ಹುಂಬತನವೆಂದು ನಮಗೆ ತೋರುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಮಹಾರಾಷ್ಟ್ರದ 1948ರ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯ 63ನೆಯ ಕಲಮಿನಂತೆ ರೈತನಲ್ಲದವನು ಅನುಮತಿಯಿಲ್ಲದೆ ಸಾಗುವಳಿ ಭೂಮಿ ಕೊಳ್ಳುವಂತಿಲ್ಲ. ಆದಿವಾಸಿಯ ಭೂಮಿ ಇತರರ ಕೈಗೆ ಹೋಗುವುದಕ್ಕೆ 1966ರ ಭೂಕಂದಾಯ ಸಂಹಿತೆಯ 36ಎ ಕಲಮು ಇನ್ನೂ ಬಿಗಿಯಾದ ಬೇಲಿ ಹಾಕಿದೆ. ಕೇಂದ್ರ ಸರಕಾರದ ನೌಕರರಾದ ನಾವಂತೂ 1964ರ ನಡತೆ ನಿಯಮಗಳ 18ನೆಯ ನಿಯಮದ ಪ್ರಕಾರ ಸ್ಥಿರಾಸ್ತಿ ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸಬೇಕು. ಈ ಮೂರನ್ನೂ ಹೇಳಿದಾಗ ದಲ್ಲಾಳಿ ನಕ್ಕು, ಅದೆಲ್ಲ ನಮಗೆ ಬಿಡಿ ಸರ್ ಎಂದ. ನಮ್ಮ ಮಿತ್ರರು ಅಲ್ಲಿಯವರೆಗೆ ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟಾಗಿತ್ತು.

ಕೈಗೆಟುಕದ ದ್ರಾಕ್ಷಿ ಹುಳಿಯೆಂದು ನರಿ ಹೇಳಿದಂತಾಯಿತು ನಿಮ್ಮ ಮಾತು ಎಂದು ಅವರು ನಮ್ಮೊಡನೆ ಸಿಟ್ಟಾಗಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಬೆಟ್ಟ ಮತ್ತು ದ್ರಾಕ್ಷಿ ಕೂಡಿ ಬಾಳಲಾರವು ಎಂದು ನಾವು ಹೇಳುತ್ತಿಲ್ಲ. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರೊಡನೆ ಮಣ್ಣು, ಹವೆಗಳನ್ನು ಹುಡುಕಿ ಅಲೆದು, ಕೊನೆಗೆ 1988ರಲ್ಲಿ ನೆಲೆನಿಂತದ್ದು ನಂದಿಬೆಟ್ಟದ ಬಳಿಯಲ್ಲಿಯೇ. ಆದರೆ ಅವರು ಬಳ್ಳಿ ಹಬ್ಬಿಸಿದ್ದು ಬೆಟ್ಟದ ತಪ್ಪಲಿನ ಮೆಲ್ಲನೆಯ ಇಳಿಜಾರಿನಲ್ಲಿ. 1478 ಮೀಟರಿನ ಬಂಡೆಯನ್ನು ಅದರ ಪಾಡಿಗೆ ಬಿಟ್ಟರು. ಅದೇ ಕಣಿವೆಯ ಸಣ್ಣ ರೈತರು ಬೆಂಗಳೂರು ನೀಲಿಯನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಬಳ್ಳಿಯೊಡನೆ ಬಾಳುವ ಆಸೆ ನಿಜವಾದದ್ದಾದರೆ ಜುನ್ನರದಲ್ಲಿ, ನಾಸಿಕದಲ್ಲಿ, ಜತ್ತದಲ್ಲಿ, ತಿಕೋಟಾದಲ್ಲಿ ನೂರಾರು ಪಡಗಳಿವೆ. ನಷ್ಟದ ವರ್ಷಗಳಲ್ಲಿ ಕೈಸಾಲಕ್ಕೆ ಅಲೆಯುವ ರೈತರಿದ್ದಾರೆ. ಅವರ ಒಂದು ಸಾಲಿನ ಖರ್ಚನ್ನು ನಾವು ನಾಲ್ವರು ಮೊದಲೇ ಹೊತ್ತು, ಹಣ್ಣು ಬಂದಾಗ ಹಣ್ಣನ್ನೋ ಮಣೂಕವನ್ನೋ ಪಡೆದು, ಬಾರದ ವರ್ಷ ನಷ್ಟದಲ್ಲಿಯೂ ಪಾಲು ತೆಗೆದುಕೊಳ್ಳಬಹುದು. ಇದಕ್ಕೆ ಯಾರ ಭೂಮಿಯೂ ಕೈಬದಲಾಗಬೇಕಿಲ್ಲ. ಮೊಬೈಲಿನಲ್ಲಿ ಹಾಕಲು ನಮ್ಮದೇ ಬೆಟ್ಟದ ಚಿತ್ರ ಸಿಗುವುದಿಲ್ಲ, ಅಷ್ಟೇ.

ಮುಂಗಡದ ಹಣ ಇನ್ನೂ ಮರಳಿಲ್ಲ. ಮಿತ್ರರು ತಿಂಗಳ ಸಭೆಗೆ ಬಂದರೂ ನಮ್ಮಿಂದ ಎರಡು ಕುರ್ಚಿ ದೂರ ಕೂಡುತ್ತಾರೆ. ಆದರೆ ಕಳೆದ ಭಾನುವಾರ ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು, ನಮ್ಮ ಕಡೆ ನೋಡದೆ, ತಿಕೋಟಾದ ಕಾಕಾ ಅವರ ನಂಬರ್ ಕೇಳಿದರು. ಕೊಟ್ಟೆವು. ರಾತ್ರಿ ಕಾಕಾ ಅವರಿಗೆ ಫೋನು ಮಾಡಿ ಕೇಳಿದರೆ, ಮಾತಾಗಿದೆಯಂತೆ: "ಏಪ್ರಿಲ್ ಚಾಟ್ನಿಗೆ ಬಾ ಅಂತ ಹೇಳೀನಿ. ಎಂಟು ದಿನ ರಜಾ ಹಾಕಿ ಬರ್ಲಿ. ಹಳೀ ಅರಬಿ ತಗೊಂಡು ಬಾ ಅಂದೀನಿ."